ದ್ವೀಪ ನೋಡಲು ಹೊರಡುವ ಮುನ್ನ: ಕುಟುಂಬ ಪ್ರವಾಸದ ಲೆಕ್ಕ ಎಲ್ಲಿಂದ ಶುರುವಾಗಬೇಕು?

 

ಪ್ರವಾಸದ ಕುರಿತು ನಾವು ಎರಡು ಜುಮಾಗಳಲ್ಲಿ ಹೇಳಿದ ಮಾತುಗಳ ಸಾರಾಂಶವನ್ನು ಇಲ್ಲಿ ಕೊಡುತ್ತಿದ್ದೇವೆ. ಖುತ್ಬಾದಲ್ಲಿ ಹೇಳಲು ಸಮಯ ಸಾಲದ ಕೆಲವು ವಿವರಗಳನ್ನೂ ಸೇರಿಸಿದ್ದೇವೆ. ಈ ವಿಷಯ ಎತ್ತಿಕೊಳ್ಳಲು ಒಂದು ಕಾರಣವಿತ್ತು. ಮೊದಲು ಅದನ್ನೇ ಹೇಳಿಬಿಡುತ್ತೇವೆ.

ನಮ್ಮ ಜಮಾತಿನ ಒಬ್ಬ ಯುವಕ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ರಜೆಗೆ ಊರಿಗೆ ಬಂದವನು ಜುಮಾ ಮುಗಿದ ಮೇಲೆ ಹತ್ತಿರ ಬಂದು, "ಹಜ್ರತ್, ಹೆಂಡತಿ ಮಕ್ಕಳನ್ನು ಗ್ರೀಸ್ ದೇಶಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೀನಿ. ವೀಸಾ ಸಿಗಲಿ ಅಂತ ದುಆ ಮಾಡಿ" ಎಂದ. ಮೊಬೈಲಿನಲ್ಲಿ ನೀಲಿ ಸಮುದ್ರ, ಬಿಳಿ ಬಿಳಿ ಮನೆಗಳ ಚಿತ್ರ ತೋರಿಸಿದ. ನಾವು ಪೂರ್ತಿ ಕೇಳಿಸಿಕೊಳ್ಳದೆ, "ಇದೆಲ್ಲ ದುಂದುವೆಚ್ಚ ಕಣಪ್ಪ, ಇದಕ್ಕೆಲ್ಲ ದುಆ ಕೇಳ್ತಾರಾ?" ಎಂದು ಅಲ್ಲೇ ಮುಗಿಸಿದೆವು. ಅವನು ತಲೆ ತಗ್ಗಿಸಿಕೊಂಡು ಹೋದ.

ಅದೇ ಸಂಜೆ ಅವನ ಅಮ್ಮಿ ನಮ್ಮ ಮನೆಗೆ ಬಂದರು. ಬಾಗಿಲ ಮರೆಯಲ್ಲಿ ನಿಂತು ಹೇಳಿದ್ದಿಷ್ಟು: "ಹಜ್ರತ್, ನನ್ನ ಸೊಸೆ ಮದುವೆಯಾಗಿ ಬಂದು ಒಂಬತ್ತು ವರ್ಷ ಆಯ್ತು. ತವರುಮನೆ, ಆಸ್ಪತ್ರೆ, ಮದುವೆ ಮನೆ ಬಿಟ್ಟರೆ ಎಲ್ಲಿಗೂ ಹೋಗಿಲ್ಲ. ನನ್ನ ಕಾಲವಂತೂ ಅಡುಗೆಮನೆಯಲ್ಲೇ ಮುಗಿದುಹೋಯ್ತು. ಅವಳದ್ದೂ ಹಾಗೇ ಆಗಬೇಕಾ?"

ಆ ಮಾತು ನಮ್ಮನ್ನು ತಟ್ಟಿತು. ನಾವು ಕೊಟ್ಟ ಉತ್ತರ ಅವಸರದ್ದಾಗಿತ್ತು. ಮರುದಿನ ಅವನನ್ನು ಕರೆದು ಕ್ಷಮೆ ಕೇಳಿ, ಕೂರಿಸಿಕೊಂಡು ಮಾತಾಡಿದೆವು. ಆಗ ಬೇರೆ ವಿಷಯಗಳೂ ಹೊರಬಂದವು. ಪ್ರವಾಸದ ಹಣಕ್ಕೆ ಬಡ್ಡಿ ಸಾಲಕ್ಕೆ ಅರ್ಜಿ ಹಾಕಿದ್ದ. ಅವನ ಅಬ್ಬಾ ತೀರಿಕೊಂಡಾಗ ಚಾಚಾ ಕೊಟ್ಟಿದ್ದ ಅರವತ್ತು ಸಾವಿರ ಕೈಸಾಲ ಮೂರು ವರ್ಷವಾದರೂ ತೀರಿರಲಿಲ್ಲ. ಚಾಚಾ ಸಂಕೋಚದಿಂದ ಕೇಳಿರಲಿಲ್ಲ. ಅಮ್ಮಿಯ ಕಣ್ಣಿನ ಪೊರೆಯ ಆಪರೇಷನ್ "ಮುಂದಿನ ವರ್ಷ ನೋಡೋಣ" ಎಂದು ನಿಂತಿತ್ತು. ಸೊಸೆಯ ಪರವಾಗಿ ಮಾತಾಡಲು ಬಂದ ಆ ತಾಯಿ ತನ್ನ ಕಣ್ಣಿನ ವಿಷಯ ನಮಗೆ ಹೇಳಿರಲೇ ಇಲ್ಲ!

ಅಂದರೆ ಅವನ ಆಸೆಯಲ್ಲಿ ತಪ್ಪಿರಲಿಲ್ಲ. ಲೆಕ್ಕದ ಕ್ರಮದಲ್ಲಿ ತಪ್ಪಿತ್ತು. ಇಂದು ನಾವು ಹೇಳಬೇಕೆಂದಿರುವುದು ಇದನ್ನೇ. ಪ್ರವಾಸದ ಯೋಜನೆ ಟಿಕೆಟ್‌ನಿಂದ ಶುರುವಾಗುವುದಿಲ್ಲ, ಇತರರ ಹಕ್ಕುಗಳಿಂದ ಶುರುವಾಗುತ್ತದೆ. (ಆ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇವೆ.)

ಸಂಚಾರ ಮತ್ತು ದೀನ್

ಭೂಮಿಯ ಮೇಲೆ ಸಂಚರಿಸಿ, ಅಲ್ಲಾಹನು ಸೃಷ್ಟಿಯನ್ನು ಹೇಗೆ ಆರಂಭಿಸಿದನೆಂದು ನೋಡುವಂತೆ ಪವಿತ್ರ ಕುರ್‌ಆನಿನ ಅಲ್ ಅನ್‌ಕಬೂತ್ ಅಧ್ಯಾಯ ಆದೇಶಿಸುತ್ತದೆ. ಹಿಂದಿನ ಜನಾಂಗಗಳಿಗೆ ಏನಾಯಿತೆಂದು ಹೋಗಿ ನೋಡುವಂತೆ ಬೇರೆ ಅಧ್ಯಾಯಗಳೂ ಹೇಳುತ್ತವೆ. ಸಮುದ್ರವನ್ನು, ಅದರಲ್ಲಿ ತೇಲುವ ಹಡಗನ್ನು ಅಲ್ಲಾಹನು ತನ್ನ ಅನುಗ್ರಹಗಳ ಸಾಲಿನಲ್ಲಿ ಮತ್ತೆ ಮತ್ತೆ ನೆನಪಿಸುತ್ತಾನೆ. ಹಾಗಿರುವಾಗ ಸಮುದ್ರ ನೋಡಲು ಹೊರಟವನನ್ನು ಗದರಿಸಲು ನಮಗೇನು ಹಕ್ಕಿದೆ?

ಪ್ರವಾದಿ(ಸ)ರು ಒಂದು ಪ್ರಯಾಣದಲ್ಲಿ ಸಂಗಡಿಗರನ್ನು ಮುಂದೆ ಕಳುಹಿಸಿ, ತಮ್ಮ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಆ ಸಲ ಆಯಿಶಾ(ರ) ಗೆದ್ದರು. ಮುಂದೆ ಎಷ್ಟೋ ಕಾಲದ ನಂತರ ಇನ್ನೊಂದು ಪ್ರಯಾಣದಲ್ಲಿ ಪ್ರವಾದಿ(ಸ) ಗೆದ್ದು, ಅದು ಹಿಂದಿನದಕ್ಕೆ ಸಮವಾಯಿತೆಂದು ನಕ್ಕರು. ಇಡೀ ಸಮುದಾಯದ ಹೊಣೆ ಹೊತ್ತವರು ಹೆಂಡತಿಯ ಸಂತೋಷಕ್ಕೆ ದಾರಿಯಲ್ಲಿ ಸಮಯ ಮಾಡಿಕೊಂಡರು. ನಮ್ಮ ಮಂಡಿ, ಗ್ಯಾರೇಜು, ಆಫೀಸುಗಳ ಕೆಲಸ ಅದಕ್ಕಿಂತ ದೊಡ್ಡದೇನಲ್ಲ. ಮನೆಯ ಹೆಣ್ಣುಮಕ್ಕಳಿಗೆ ವರ್ಷಕ್ಕೊಮ್ಮೆ ಗಾಳಿ ಬದಲಾಗಲಿ ಎನ್ನುವುದನ್ನು ದುಂದುವೆಚ್ಚ ಎನ್ನಬೇಡಿ. ಸರಿಯಾದ ನಿಯ್ಯತ್ತಿನಿಂದ ಮಾಡಿದರೆ ಅದರಲ್ಲಿ ಪ್ರತಿಫಲವೂ ಇದೆ.

ಅದೇ ಪ್ರವಾದಿ(ಸ)ರು ಪ್ರಯಾಣ ಒಂದು ಬಗೆಯ ಕಷ್ಟವೆಂದೂ, ಅದು ಊಟ ನಿದ್ದೆಗಳನ್ನು ಕೆಡಿಸುತ್ತದೆಂದೂ, ಕೆಲಸ ಮುಗಿದ ಕೂಡಲೇ ಮನೆಗೆ ಮರಳಬೇಕೆಂದೂ ಹೇಳಿದ್ದಾರೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ದಾರಿ ಸ್ಪಷ್ಟವಾಗುತ್ತದೆ. ಹೋಗಿ, ಆದರೆ ಮೊದಲೇ ಯೋಚಿಸಿ ಹೋಗಿ.

ನಮ್ಮ ಊರು, ಆ ಸಮುದ್ರ

ದ್ವೀಪ ಎಂದರೆ ನಮ್ಮ ಮಕ್ಕಳಿಗೆ ಮೊಬೈಲಿನ ಚಿತ್ರ ಮಾತ್ರ ನೆನಪಾಗುತ್ತದೆ. ನಮ್ಮ ಶ್ರೀರಂಗಪಟ್ಟಣವೇ ಒಂದು ದ್ವೀಪ. ಕಾವೇರಿ ಎರಡಾಗಿ ಸೀಳಿ, ಊರನ್ನು ಬಳಸಿ, ಸಂಗಮದಲ್ಲಿ ಮತ್ತೆ ಕೂಡುತ್ತಾಳೆ. ಮಸ್ಜಿದೆ ಆಲಾ, ದರಿಯಾ ದೌಲತ್, ಗುಂಬಜ್ ಎಲ್ಲವೂ ನೀರು ಸುತ್ತುವರಿದ ಆ ನೆಲದ ಮೇಲೇ ಇವೆ.

ಆ ದ್ವೀಪದಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಹೋಗಿ ಬಂದವರೂ ಇದ್ದರು. ಟಿಪ್ಪು ಸುಲ್ತಾನರು ಗುಲಾಮ್ ಅಲಿ ಖಾನ್ ನೇತೃತ್ವದಲ್ಲಿ ಉಸ್ಮಾನಿಯಾ ಸುಲ್ತಾನರ ಬಳಿಗೆ ರಾಯಭಾರಿಗಳನ್ನು ಕಳುಹಿಸಿದರು. 1786ರಲ್ಲಿ ಅವರ ನಾಲ್ಕು ಹಡಗುಗಳು ನಮ್ಮ ಉತ್ತರ ಕನ್ನಡದ ತದಡಿ ಬಂದರಿನಿಂದ ಹೊರಟವು. ಮಸ್ಕತ್, ಬಸ್ರಾ ದಾಟಿ ಭೂಮಾರ್ಗವಾಗಿ 1787ರಲ್ಲಿ ಇಸ್ತಾಂಬುಲ್ ತಲುಪಿದರು. ಮರಳುವಾಗ ಸಮುದ್ರ ದಾಟಿ ಈಜಿಪ್ಟಿಗೆ ಬಂದು, ಅಲ್ಲಿಂದ ಹಿಜಾಝಿಗೆ ಹೋಗಿ ಹಜ್ ನಿರ್ವಹಿಸಿ, 1789ರ ಕೊನೆಗೆ ಊರ ಕಡೆ ಬಂದರು. ಜೊತೆಗಿದ್ದ ಖ್ವಾಜಾ ಅಬ್ದುಲ್ ಕಾದಿರ್ ಅವರು ದಾರಿಯ ವಿವರಗಳನ್ನು ದಿನಚರಿಯಾಗಿ ಬರೆದಿಟ್ಟರು. ಹೊರಟವರು ನೂರಾರು ಮಂದಿ. ರೋಗ, ಹಡಗಿನ ಅನಾಹುತಗಳಿಂದಾಗಿ ಮರಳಿದವರು ತೀರಾ ಕಡಿಮೆ. ಇಂದು ಕೆಲವೇ ಗಂಟೆಗಳಲ್ಲಿ ಅದೇ ಸಮುದ್ರದ ಮೇಲೆ ಹಾರುವ ನಾವು ಪ್ರಯಾಣದ ಕ್ಷೇಮವನ್ನು ನಮ್ಮ ಜಾಣತನ ಎಂದುಕೊಳ್ಳಬಾರದು.

ಆ ಸಮುದ್ರದಲ್ಲಿ ನಮ್ಮ ದೀನಿನ ನೆನಪುಗಳೂ ಇವೆ. ಉಮ್ಮು ಹರಾಮ್(ರ) ಎಂಬ ಸಹಾಬಿಯಾ ಅವರ ಮನೆಯಲ್ಲಿ ಮಲಗಿದ್ದ ಪ್ರವಾದಿ(ಸ)ರು ನಗುತ್ತಾ ಎದ್ದು, ತಮ್ಮ ಸಮುದಾಯದವರು ಸಮುದ್ರದ ಮೇಲೆ ಸಾಗುವುದನ್ನು ಕನಸಿನಲ್ಲಿ ಕಂಡೆನೆಂದು ತಿಳಿಸಿದರು. ತಾನೂ ಅವರಲ್ಲಿ ಒಬ್ಬಳಾಗುವಂತೆ ದುಆ ಮಾಡಬೇಕೆಂದು ಆಕೆ ಕೇಳಿಕೊಂಡರು. ಮುಂದೆ ಖಲೀಫಾ ಉಸ್ಮಾನ್(ರ)ರ ಕಾಲದಲ್ಲಿ ಪತಿಯೊಂದಿಗೆ ಹಡಗೇರಿ ಸೈಪ್ರಸ್ ದ್ವೀಪಕ್ಕೆ ಹೋದಾಗ ಸವಾರಿಯ ಪ್ರಾಣಿಯಿಂದ ಬಿದ್ದು ತೀರಿಕೊಂಡರು. ಸೈಪ್ರಸ್‌ನ ಲಾರ್ನಾಕಾ ಊರಿನ ಉಪ್ಪಿನ ಸರೋವರದ ದಡದಲ್ಲಿ ಅವರ ಹೆಸರಿನ ಮಸೀದಿ ಮತ್ತು ದರ್ಗಾ ಇದೆ. ಗ್ರೀಸಿನ ದೊಡ್ಡ ದ್ವೀಪ ಕ್ರೀಟ್‌ನಲ್ಲಿ 961ರವರೆಗೆ ನೂರಕ್ಕೂ ಹೆಚ್ಚು ವರ್ಷ ಮುಸ್ಲಿಮ್ ಆಳ್ವಿಕೆ ಇತ್ತು. ರೋಡ್ಸ್, ಕೋಸ್ ದ್ವೀಪಗಳಲ್ಲಿ ಉಸ್ಮಾನಿಯಾ ಕಾಲದ ಮಸೀದಿಗಳು ಈಗಲೂ ಇವೆ. ಅಲ್ಲಿಗೆ ಹೋಗುವವರು ಫೋಟೋ ತೆಗೆದು ಬರುವುದಷ್ಟೇ ಅಲ್ಲ, ಇವುಗಳನ್ನೂ ಮಕ್ಕಳಿಗೆ ತೋರಿಸಿ ಹೇಳಿ.

ಲೆಕ್ಕದ ಕ್ರಮ

ಪ್ರವಾಸಕ್ಕೆ ಹಣ ತೆಗೆದಿಡುವ ಮೊದಲು ಈ ಕೆಳಗಿನ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ.

ಮೊದಲನೆಯದು, ಯಾರಿಗಾದರೂ ಕೊಡುವುದು ಬಾಕಿ ಇದೆಯೇ? ಸಾಲ ಉಳಿಸಿ ತೀರಿಕೊಂಡವರ ಜನಾಝಾ ನಮಾಝ್‌ಗೆ ನಿಲ್ಲಲು ಪ್ರವಾದಿ(ಸ)ರು ಹಿಂಜರಿದದ್ದೂ, ಅಬೂ ಕತಾದಾ(ರ) ಆ ಸಾಲದ ಹೊಣೆ ಹೊತ್ತ ಮೇಲೆಯೇ ನಮಾಝ್ ನಡೆಸಿದ್ದೂ ನಮಗೆ ಗೊತ್ತಿದೆ. ಕಂತಿನ ಅವಧಿ ಒಪ್ಪಿಕೊಂಡ ಸಾಲ ಕಂತಿನಂತೆ ತೀರುತ್ತಿದ್ದರೆ ತೊಂದರೆಯಿಲ್ಲ. ಅವಧಿ ಮುಗಿದ ಕೈಸಾಲ, ಆಳಿನ ಕೂಲಿ, ಅಕ್ಕತಂಗಿಯರಿಗೆ ಸೇರಬೇಕಾದ ಆಸ್ತಿಯ ಪಾಲು, ಹೆಂಡತಿಯ ಬಾಕಿ ಮಹ್ರ್ ಇವುಗಳನ್ನು ಹಾಗೇ ಬಿಟ್ಟು ಸಮುದ್ರ ನೋಡಲು ಹೋಗಬಾರದು. ಕೇಳದೆ ಸುಮ್ಮನಿರುವವರು ಮರೆತಿದ್ದಾರೆ ಎಂದುಕೊಳ್ಳಬೇಡಿ.

ಎರಡನೆಯದು, ಮನೆಯಲ್ಲಿ ನಿಂತುಹೋದ ಚಿಕಿತ್ಸೆ ಇದೆಯೇ? ಮಕ್ಕಳ ಫೀಸು ಕಟ್ಟಿದೆಯೇ? ನಾವಿಲ್ಲದ ದಿನಗಳಲ್ಲಿ ತಂದೆ ತಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ?

ಮೂರನೆಯದು, ಫರ್ಝ್ ಏನಾದರೂ ಬಾಕಿ ಇದೆಯೇ? ವಿದೇಶ ಪ್ರವಾಸಕ್ಕೆ ನಾಲ್ಕು ಜನರ ಕುಟುಂಬಕ್ಕೆ ತಗಲುವ ಖರ್ಚು ಒಬ್ಬರ ಹಜ್ ಖರ್ಚನ್ನು ಮುಟ್ಟುತ್ತದೆ, ಮೀರುವುದೂ ಉಂಟು. ಅಷ್ಟು ಹಣ ಕೈಯಲ್ಲಿದ್ದು ಹಜ್ ಕಡ್ಡಾಯವಾಗಿರುವವರು ಮೊದಲು ಹಜ್ ಅರ್ಜಿ ಹಾಕಬೇಕು. ಪ್ರವಾಸಕ್ಕೆಂದು ಕೂಡಿಟ್ಟ ಹಣ ನಿಸಾಬ್ ತಲುಪಿ ವರ್ಷ ತುಂಬಿದರೆ ಅದಕ್ಕೂ ಶೇಕಡಾ ಎರಡೂವರೆಯಂತೆ ಝಕಾತ್ ಇದೆ.

ನಾಲ್ಕನೆಯದು, ಹಣ ಎಲ್ಲಿಂದ ಬಂತು? ಬಡ್ಡಿ ಸಾಲದಲ್ಲಿ ಪ್ರವಾಸ ಬೇಡವೇ ಬೇಡ. ಮನೆ ಬಿದ್ದುಹೋಯಿತು, ಜೀವ ಉಳಿಸಬೇಕು ಎಂಬಂಥ ಸಂದರ್ಭಗಳನ್ನು ಆಲಿಮರ ಬಳಿ ಕೇಳಬಹುದು. ವಿಹಾರಕ್ಕೆ ಅಂಥ ಯಾವ ನೆಪವೂ ಇಲ್ಲ. ಐದು ದಿನದ ಸಂತೋಷಕ್ಕೆ ಮೂರು ವರ್ಷ ಕಂತು ಕಟ್ಟುವ ಮನೆಗಳಲ್ಲಿ ಪ್ರವಾಸದ ಫೋಟೋ ನೋಡಿದರೇ ಜಗಳ ಶುರುವಾಗುತ್ತದೆ. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಐದನೆಯದು, ಕಾಗದಪತ್ರ ಸತ್ಯವಾಗಿದೆಯೇ? ಗ್ರೀಸ್, ಕ್ರೊಯೇಷಿಯಾ, ಇಟಲಿಯಂಥ ದೇಶಗಳಿಗೆ ಶೆಂಗೆನ್ ವೀಸಾ ಬೇಕು. 2024ರ ಜೂನ್‌ನಿಂದ ಅದರ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದ ಮಕ್ಕಳಿಗೆ 45 ಯೂರೋ ಆಗಿದೆ. ಅಂದರೆ ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ವೀಸಾ ಶುಲ್ಕವೇ 270 ಯೂರೋ. ವೀಸಾ ಸಿಗದಿದ್ದರೂ ಈ ಹಣ ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಚಿಕಿತ್ಸಾ ವಿಮೆಯೂ ಇರಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿರುವಾಗಿನಿಂದ ಹಾಕಬಹುದು. ಕೊನೆಯ ಹದಿನೈದು ದಿನಗಳಿಗೆ ಉಳಿಸಿಕೊಳ್ಳಬಾರದು. ಬ್ಯಾಂಕ್ ಖಾತೆಯ ವಿವರ ಕೇಳುತ್ತಾರೆಂದು ಕೆಲವರು ಗೆಳೆಯರಿಂದ ಲಕ್ಷಗಟ್ಟಲೆ ಹಣ ತಂದು ಖಾತೆಗೆ ಹಾಕಿ, ತೋರಿಸಿ, ಮರಳಿಸುತ್ತಾರೆ. ಉಳಿಯದ ಹೋಟೆಲಿನ ಬುಕಿಂಗ್ ಕಾಗದ ತೋರಿಸುತ್ತಾರೆ. ಇದು ಜಾಣತನವಲ್ಲ, ಮೋಸ. ಸುಳ್ಳು ಕಾಗದ ಕೈಯಲ್ಲಿ ಹಿಡಿದು ಪ್ರಯಾಣದ ದುಆ ಓದುವುದು ಹೇಗೆ?

ಈ ಐದನ್ನೂ ದಾಟಿದವರಿಗೆ ಗ್ರೀಸ್ ಆದರೂ ಸರಿ, ಬೇರೆ ದೇಶವಾದರೂ ಸರಿ, ಅಲ್ಲಾಹನ ಭೂಮಿ ವಿಶಾಲವಾಗಿದೆ. ಹೋಗಿ ಬನ್ನಿ.

ಹತ್ತಿರದ ದ್ವೀಪಗಳು

ಆ ಯುವಕನೊಂದಿಗೆ ಲೆಕ್ಕ ಹಾಕಿದಾಗ ಗ್ರೀಸ್ ಅವನ ಕೈಗೆ ಮೀರಿದ್ದೆಂದು ಅವನಿಗೇ ಕಂಡಿತು. "ಹಾಗಾದರೆ ದ್ವೀಪ ನೋಡೋ ಆಸೆ ಬಿಡಬೇಕಾ ಹಜ್ರತ್?" ಎಂದ. ಬಿಡಬೇಕಿರಲಿಲ್ಲ. ಗ್ರೀಸಿಗೆ ಸುಮಾರು ಆರು ಸಾವಿರ ಸಣ್ಣ ದೊಡ್ಡ ದ್ವೀಪಗಳಿದ್ದು, ಜನ ವಾಸಿಸುವುದು 227ರಲ್ಲಿ ಮಾತ್ರ. ನಮ್ಮದೇ ದೇಶದ ಲಕ್ಷದ್ವೀಪದಲ್ಲಿ 36 ದ್ವೀಪಗಳು, ಜನವಸತಿ ಹತ್ತರಲ್ಲಿ. ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 64,473. ಅವರಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಮಂದಿ ಮುಸ್ಲಿಮರು.

ಅವರು ನಮಗೆ ಹೊಸಬರೂ ಅಲ್ಲ. 1783ರಲ್ಲಿ ಅಮಿನಿ ದ್ವೀಪದ ಕೆಲವರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನರನ್ನು ಕಂಡು, ತಮ್ಮ ದ್ವೀಪಗಳನ್ನು ಅವರ ಆಡಳಿತಕ್ಕೆ ತೆಗೆದುಕೊಳ್ಳುವಂತೆ ಬೇಡಿಕೊಂಡರು. ಕಣ್ಣೂರಿನ ಅರಕ್ಕಲ್ ಬೀವಿಯೊಂದಿಗೆ ಮಾತುಕತೆಯಾಗಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಅವುಗಳನ್ನು ಮಂಗಳೂರಿನಿಂದ ಆಳಿದರು. 1956ರಲ್ಲಿ ಕೇಂದ್ರಾಡಳಿತ ಪ್ರದೇಶವಾಗುವ ತನಕ ಆ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಒಂದು ಕಾಲದಲ್ಲಿ ನಾವೂ ಅವರೂ ಒಂದೇ ಆಡಳಿತದಲ್ಲಿದ್ದೆವು!

ಅಲ್ಲಿಗೆ ಹೋಗುವವರು ತಿಳಿದಿರಬೇಕಾದ ವಿಷಯಗಳಿವು. ಭಾರತೀಯರಾದರೂ ಪ್ರವೇಶ ಪರವಾನಗಿ ಬೇಕು. ಲಕ್ಷದ್ವೀಪ ಆಡಳಿತದ ಪ್ರವಾಸ ಸಂಸ್ಥೆ 'ಸ್ಪೋರ್ಟ್ಸ್' ನಡೆಸುವ ಪ್ಯಾಕೇಜುಗಳಲ್ಲಿ ಹೋದರೆ ಆ ಕೆಲಸ ಸುಲಭ. ನಿಯಮಗಳು ಆಗಾಗ ಬದಲಾಗುವುದರಿಂದ ಹಣ ಕಟ್ಟುವ ಮುನ್ನ ಸರಕಾರಿ ಮೂಲದಿಂದಲೇ ವಿಚಾರಿಸಿ, ಊರಿನ ಏಜೆಂಟರ ಮಾತನ್ನಷ್ಟೇ ನಂಬಬೇಡಿ. ಹಡಗು ಹೊರಡುವುದು ಕೊಚ್ಚಿಯಿಂದ. ಮೈಸೂರಿನಿಂದ ಹೊರಟು ಮಂಡ್ಯ, ಬೆಂಗಳೂರು ಮಾರ್ಗವಾಗಿ ಎರ್ನಾಕುಲಂಗೆ ರೈಲು ಇದೆ. ದ್ವೀಪಗಳು ಕೇರಳ ಕರಾವಳಿಯಿಂದ 220ರಿಂದ 440 ಕಿಲೋಮೀಟರ್ ದೂರದಲ್ಲಿವೆ. ಹಡಗಿನಲ್ಲಿ ದ್ವೀಪವನ್ನು ನೋಡಿಕೊಂಡು 14ರಿಂದ 20 ಗಂಟೆ ಹಿಡಿಯುತ್ತದೆ. ಕೊಚ್ಚಿಯಿಂದ ವಿಮಾನದಲ್ಲಿ ಅಗತ್ತಿಗೆ ಸುಮಾರು ಒಂದೂವರೆ ಗಂಟೆ. ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಒಳ್ಳೆಯ ಸಮಯ. ಮಳೆಗಾಲದಲ್ಲಿ ಸಮುದ್ರ ಒರಟಾಗಿರುತ್ತದೆ.

ಹಿರಿಯರನ್ನು ಕರೆದೊಯ್ಯುವವರು ಒಂದು ವಿಷಯ ಗಮನಿಸಿ. ಹಲವು ದ್ವೀಪಗಳಲ್ಲಿ ಹಡಗು ದಡದವರೆಗೆ ಬರುವುದಿಲ್ಲ. ಸಮುದ್ರದ ಮಧ್ಯೆ ಹಡಗಿನಿಂದ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ಮಂಡಿನೋವು ಇರುವವರಿಗೆ, ಗರ್ಭಿಣಿಯರಿಗೆ ಇದು ಕಷ್ಟ. ಸಮುದ್ರದ ಓಲಾಟಕ್ಕೆ ವಾಂತಿಯಾಗುವವರು ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ.

ದಾರಿಯಲ್ಲಿ ನಮಾಝ್

ಎಷ್ಟೋ ಕುಟುಂಬಗಳ ಪ್ರವಾಸದಲ್ಲಿ ಮೊದಲು ಬಿಟ್ಟುಹೋಗುವುದು ನಮಾಝ್. ಅಲ್ಲಾಹನು ಮುಸಾಫಿರರಿಗೆ ಸುಲಭ ಮಾಡಿಕೊಟ್ಟಿರುವಾಗ ಬಿಡಲು ಯಾವ ಕಾರಣವೂ ಇಲ್ಲ.

ನಮ್ಮ ಹನಫಿ ಮಝ್‌ಹಬ್ ಪ್ರಕಾರ ಸುಮಾರು 77-78 ಕಿಲೋಮೀಟರ್ ಅಥವಾ ಅದಕ್ಕಿಂತ ದೂರಕ್ಕೆ ಹೊರಟವನು ತನ್ನ ಊರಿನ ಎಲ್ಲೆ ದಾಟಿದ ಕೂಡಲೇ ಮುಸಾಫಿರ್ ಆಗುತ್ತಾನೆ. ಹೋದ ಜಾಗದಲ್ಲಿ 15 ದಿನಕ್ಕಿಂತ ಕಡಿಮೆ ಉಳಿಯುವ ಉದ್ದೇಶವಿದ್ದರೆ ಝುಹರ್, ಅಸರ್, ಇಶಾ ಫರ್ಝ್‌ಗಳನ್ನು ನಾಲ್ಕರ ಬದಲು ಎರಡು ರಕಅತ್ ನಿರ್ವಹಿಸಬೇಕು. ಫಜ್ರ್ ಎರಡು, ಮಗ್ರಿಬ್ ಮೂರು, ವಿತ್ರ್ ಮೂರು ಹಾಗೇ ಇರುತ್ತವೆ. ಕೆ.ಆರ್. ಪೇಟೆಯಿಂದ ಶ್ರೀರಂಗಪಟ್ಟಣ ನೋಡಿ ಬರುವವರು ಪೂರ್ತಿ ನಮಾಝ್ ಮಾಡಬೇಕು. ಕೊಚ್ಚಿಗೆ ಹೊರಟವರಿಗೆ ಕಸ್ರ್. ಸ್ಥಳೀಯ ಇಮಾಮರ ಹಿಂದೆ ಜಮಾಅತ್‌ನಲ್ಲಿ ನಿಂತರೆ ಮಾತ್ರ ಅವರೊಂದಿಗೆ ನಾಲ್ಕನ್ನೂ ಪೂರ್ತಿ ಮಾಡಬೇಕು. ಕರಾವಳಿಯ ಶಾಫಿಈ ಓದುಗರಿಗೆ ದೂರ, ದಿನಗಳ ಲೆಕ್ಕ ಬೇರೆ ಇದೆ. ಎರಡು ನಮಾಝ್‌ಗಳನ್ನು ಒಟ್ಟಿಗೆ ಮಾಡುವ ಅನುಮತಿಯೂ ಇದೆ. ಅವರು ತಮ್ಮ ಉಸ್ತಾದರನ್ನು ಕೇಳಿ ತಿಳಿದುಕೊಳ್ಳಲಿ.

ಹಡಗು ಓಲಾಡಿ ನಿಲ್ಲಲಾಗದಿದ್ದರೆ ಕೂತು ನಮಾಝ್ ಮಾಡಬಹುದು. ನಿಲ್ಲಲು ಆಗುವವರು ನಿಂತೇ ಮಾಡಬೇಕು. ಲಕ್ಷದ್ವೀಪದಲ್ಲಿ ಕಿಬ್ಲಾ ನಮ್ಮಲ್ಲಿಯಂತೆಯೇ ಪಶ್ಚಿಮಕ್ಕಿಂತ ಸ್ವಲ್ಪ ಉತ್ತರಕ್ಕಿದೆ. ಗ್ರೀಸಿನಲ್ಲಾದರೆ ಆಗ್ನೇಯಕ್ಕೆ ತಿರುಗಬೇಕು. ಜೂನ್ ತಿಂಗಳಲ್ಲಿ ಅಥೆನ್ಸ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ 8.50ರ ಸುಮಾರಿಗೆ. ಇಶಾ ಇನ್ನೂ ತಡ. ಮಕ್ಕಳಿಗೆ ಕಿಬ್ಲಾ ಹುಡುಕುವ ಕೆಲಸ ಕೊಡಿ. ಭೂಮಿ ಗುಂಡಗಿದೆ, ನಾವೆಲ್ಲರೂ ಒಂದೇ ಮನೆಯ ಕಡೆ ತಿರುಗುತ್ತೇವೆ ಎಂಬುದು ಅವರಿಗೆ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಲಕ್ಷದ್ವೀಪದವರು ಶಾಫಿಈ ಮಝ್‌ಹಬ್ ಅನುಸರಿಸುತ್ತಾರೆ. ಅಲ್ಲಿ ಅಸರ್ ಅಝಾನ್ ನಮಗಿಂತ ಮೊದಲು ಕೇಳುತ್ತದೆ. ಫಜ್ರ್‌ನಲ್ಲಿ ಇಮಾಮರು ಕುನೂತ್ ಓದುತ್ತಾರೆ. ಅವರ ಹಿಂದೆ ನಿಂತ ಹನಫಿಗಳು ಆಗ ಸುಮ್ಮನೆ ನಿಂತರಾಯಿತು. "ಇವರದ್ದು ಬೇರೆ ನಮಾಝ್" ಎಂಬ ಮಾತು ನಮ್ಮ ಬಾಯಲ್ಲಿ ಬರಬಾರದು.

ಊಟ, ನೀರು, ಅತಿಥಿಯ ಮರ್ಯಾದೆ

ಊಟದ ವಿಷಯದಲ್ಲೂ ಇದೇ ಮಾತು. ಸಮುದ್ರದ ಜೀವಿಗಳಲ್ಲಿ ಮೀನು ಮಾತ್ರ ಹನಫಿಗಳಿಗೆ ಹಲಾಲ್. ಸೀಗಡಿಯ ಬಗ್ಗೆ ನಮ್ಮ ಆಲಿಮರಲ್ಲೇ ಎರಡು ಅಭಿಪ್ರಾಯಗಳಿವೆ. ಆಕ್ಟೋಪಸ್ ನಾವು ತಿನ್ನುವುದಿಲ್ಲ. ಶಾಫಿಈ ಮಝ್‌ಹಬ್‌ನಲ್ಲಿ ಅದಕ್ಕೆ ಅನುಮತಿಯಿದೆ, ಲಕ್ಷದ್ವೀಪದವರು ಅದನ್ನು ಹಿಡಿದು ಅಡುಗೆ ಮಾಡುತ್ತಾರೆ. ಅದನ್ನು ನಿಮ್ಮ ಮುಂದಿಟ್ಟರೆ ಮುಖ ಸಿಂಡರಿಸದೆ, ನಯವಾಗಿ ಬೇಡವೆಂದು ಪಕ್ಕದಲ್ಲಿರುವ ಚೂರೆ ಮೀನಿನ ಕಡೆ ಕೈ ಚಾಚಿ. ಗ್ರೀಸಿನಂಥ ಕಡೆ ಹೋದವರು ಮಾಂಸ ಎಲ್ಲಿಂದ ಬಂತು, ಅಡುಗೆಗೆ ಹಂದಿಯ ಕೊಬ್ಬು ಅಥವಾ ವೈನ್ ಸೇರಿದೆಯೇ ಎಂದು ನಾಚದೆ ಕೇಳಬೇಕು. ಮೀನು, ಬೇಳೆ, ತರಕಾರಿ, ಆಲಿವ್, ಬ್ರೆಡ್ಡು ಅಲ್ಲಿ ಧಾರಾಳವಾಗಿ ಸಿಗುವುದರಿಂದ ಹಸಿವಿನಿಂದ ಇರಬೇಕಾಗಿಲ್ಲ.

ನೀರಿನ ಮಾತನ್ನು ವಿಶೇಷವಾಗಿ ಹೇಳಬೇಕು. ನಾವು ಹೇಮಾವತಿ, ಕಾವೇರಿಯ ನಾಲೆಗಳ ಪಕ್ಕ ಬೆಳೆದವರು. ಹೇಮಗಿರಿಯ ಅಣೆ ತುಂಬಿ ಹರಿಯುವುದನ್ನು ನೋಡಿದವರಿಗೆ ನೀರು ಮುಗಿಯುವ ವಸ್ತು ಎನಿಸುವುದೇ ಇಲ್ಲ. ಆ ದ್ವೀಪಗಳಲ್ಲಿ ಹಳ್ಳವಿಲ್ಲ, ಹೊಳೆಯಿಲ್ಲ. ಮಳೆನೀರು ಮರಳಿನಲ್ಲಿ ಇಳಿದು, ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಹೆಚ್ಚು ಎತ್ತಿದರೆ ಬಾವಿಯೇ ಉಪ್ಪಾಗುತ್ತದೆ. ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ ನಡೆಸಬೇಕಾಗಿ ಬಂದದ್ದು ಈ ಕೊರತೆಯಿಂದಲೇ. ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಹಾಗಿರುವಾಗ ನದಿಯೇ ಇಲ್ಲದ ಊರಿನಲ್ಲಿ ಅರ್ಧ ಗಂಟೆ ಶವರ್ ಬಿಟ್ಟುಕೊಂಡು ನಿಲ್ಲುವುದು ಆ ಊರಿನವರ ಪಾಲನ್ನು ಕದ್ದಂತೆ.

ಇನ್ನು ಕೆಲವು ಸಣ್ಣ ಮಾತುಗಳು. ಹವಳ ಜೀವವಿರುವ ವಸ್ತು. ಅದನ್ನು ಮುರಿದು ತರುವುದು ಅಪರಾಧವೂ ಹೌದು, ಪಾಪವೂ ಹೌದು. ಪ್ಲಾಸ್ಟಿಕ್ ಹಿಂದಕ್ಕೆ ತನ್ನಿ. ಆ ಊರಿನ ಹೆಂಗಸರು, ಮಕ್ಕಳ ಫೋಟೋವನ್ನು ಕೇಳದೆ ತೆಗೆಯಬೇಡಿ. ನೀರಿಗಿಳಿಯುವಾಗ ಗಂಡಸರಿಗೂ ಔರತ್ ಇದೆ ಎಂಬುದು ನೆನಪಿರಲಿ. ಹೊಕ್ಕುಳಿನಿಂದ ಮಂಡಿಯವರೆಗೆ ಮುಚ್ಚಿರಬೇಕು. ಪರ್ದಾದ ಉಪದೇಶವೆಲ್ಲ ಹೆಣ್ಣುಮಕ್ಕಳಿಗೆ ಮಾತ್ರ ಎಂದುಕೊಂಡಿರುವವರು ಇದನ್ನು ಎರಡು ಸಲ ಓದಲಿ.

ಮುಗಿಸುವ ಮುನ್ನ

ಆ ಯುವಕ ಬಡ್ಡಿ ಸಾಲದ ಅರ್ಜಿಯನ್ನು ಹಿಂತೆಗೆದುಕೊಂಡ. ಮೊದಲ ನಾಲ್ಕು ತಿಂಗಳಲ್ಲಿ ಚಾಚಾನ ಅರವತ್ತು ಸಾವಿರ ತೀರಿತು. ಹಣ ಕೈಗೆ ಬಂದಾಗ ಚಾಚಾ ಅತ್ತರಂತೆ. ಮೊಮ್ಮಗಳ ಫೀಸಿಗೆ ಅವರು ಯಾರಲ್ಲಿ ಕೇಳಲಿ ಎಂದು ಕೂತಿದ್ದ ಹೊತ್ತು ಅದು. ನಂತರ ಅಮ್ಮಿಯ ಕಣ್ಣಿನ ಆಪರೇಷನ್ ಆಯಿತು. ಮುಂದಿನ ಜನವರಿಯಲ್ಲಿ ಗಂಡ ಹೆಂಡತಿ, ಮಕ್ಕಳು ಕಡಮತ್ ದ್ವೀಪಕ್ಕೆ ಹೋಗಿ ಬಂದರು. ದೋಣಿ ಹತ್ತುವ ವಿಷಯ ಕೇಳಿ ಅಮ್ಮಿ ತಾವಾಗಿಯೇ ಮಗಳ ಮನೆಯಲ್ಲಿ ಉಳಿದರು. ಆ ಸೊಸೆ ನಮ್ಮ ಮನೆಯವರ ಬಳಿ ಹೇಳಿದಳಂತೆ: "ಹಡಗಿನ ಮೇಲೆ ಫಜ್ರ್ ನಮಾಝ್ ಮಾಡಿ ಕಣ್ಣು ಬಿಟ್ಟರೆ ಸುತ್ತಲೂ ನೀರೇ ನೀರು. ನನ್ನ ಮನೆ, ನನ್ನ ಚಿಂತೆ ಎಷ್ಟು ಸಣ್ಣದು ಅನ್ನಿಸಿತು." ನಾವು ಎಷ್ಟು ಖುತ್ಬಾ ಕೊಟ್ಟರೂ ಕಲಿಸಲಾಗದ ಪಾಠವದು.

ಅಷ್ಟು ದೂರ ಹೋಗಲು ಆಗದವರು ನಿರಾಶರಾಗಬೇಡಿ. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಮನೆಯವರನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ಯಿರಿ. ಮಸ್ಜಿದೆ ಆಲಾದಲ್ಲಿ ಝುಹರ್ ಮಾಡಿ, ಸಂಗಮದಲ್ಲಿ ನದಿಯ ಎರಡು ಕವಲು ಕೂಡುವುದನ್ನು ಮಕ್ಕಳಿಗೆ ತೋರಿಸಿ. ಅಡುಗೆಯ ಕೆಲಸ ಆ ದಿನ ಗಂಡಸರದ್ದಾಗಿರಲಿ. ಅದೂ ದ್ವೀಪ ಪ್ರವಾಸವೇ.

ಹೊರಡುವ ಮುನ್ನ ಬಾಕಿಗಳನ್ನು ಬರೆದಿಡಿ, ನೆರೆಯವರಿಗೆ ತಿಳಿಸಿ, ತಂದೆ ತಾಯಿಯ ಕೈ ಹಿಡಿದು ದುಆ ಕೇಳಿ. ಮುಸಾಫಿರನ ದುಆ ಸ್ವೀಕೃತವಾಗುತ್ತದೆಂದು ಪ್ರವಾದಿ(ಸ) ಹೇಳಿದ್ದಾರೆ. ದಾರಿಯಲ್ಲಿ ನಮ್ಮನ್ನೂ, ಹೊರಡಲು ಆಗದೆ ಮನೆಯಲ್ಲೇ ಉಳಿದವರನ್ನೂ ನೆನಪಿಸಿಕೊಳ್ಳಿ.

ಅಲ್ಲಾಹನು ನಮ್ಮೆಲ್ಲರ ಪ್ರಯಾಣಗಳನ್ನು ಹಲಾಲಾದ ಹಣದಿಂದ ಆರಂಭಿಸಿ ಕ್ಷೇಮವಾಗಿ ಮನೆ ಸೇರಿಸಲಿ. ಯಾರ ಹಕ್ಕೂ ನಮ್ಮ ಕೊರಳಲ್ಲಿ ಉಳಿಯದಂತೆ ಕಾಪಾಡಲಿ. ಆಮೀನ್.